ಹುಳಿ, ಖಾರ ಮತ್ತು ವೈನ್: ಲಂಡನ್ನಿನ ಕನ್ನಡ ಮನೆಗಳ ವಾರಾಂತ್ಯದ ಊಟ

ಶ್ರೀರಾಮ್ ಆಯ್ಲೂರ್ ಬೆಂಗಳೂರಿನ ರೆಸಿಡೆನ್ಸಿ ರಸ್ತೆಯ ‘ಕರಾವಳಿ’ ರೆಸ್ಟೋರೆಂಟಿನ ಬಾಣಸಿಗರಾಗಿದ್ದವರು. 1999ರಲ್ಲಿ ಲಂಡನ್ನಿಗೆ ಬಂದು ಬಕಿಂಗ್‌ಹ್ಯಾಮ್ ಗೇಟಿನಲ್ಲಿ ‘ಕ್ವಿಲಾನ್’ ಶುರುಮಾಡಿದರು. ತೆಂಗಿನಕಾಯಿ, ಹುಣಸೆಹುಳಿ, ಕರಿಬೇವು, ಕಾಳುಮೆಣಸು, ಹೀಗೆ ನಮ್ಮ ಪಶ್ಚಿಮ ಕರಾವಳಿಯ ಅಡುಗೆಯೇ ಅಲ್ಲಿಯ ಬಂಡವಾಳ. 2008ರಲ್ಲಿ ಅದಕ್ಕೆ ಮಿಶೆಲಿನ್ ತಾರೆ ಬಂತು. ಅಂಥ ಊಟದ ಜೊತೆ ವೈನ್ ತರಿಸಿಕೊಳ್ಳುವುದನ್ನು ಅಲ್ಲಿ ಯಾರೂ ವಿಚಿತ್ರವೆಂದು ನೋಡುವುದಿಲ್ಲ.

ಅದೇ ಊರಿನ ನಮ್ಮ ಮನೆಗಳಲ್ಲಿ ನಡೆಯುವುದೇ ಬೇರೆ. ಹ್ಯಾರೋ, ಹೌನ್ಸ್ಲೋ, ಕ್ರಾಯ್ಡನ್, ಈಸ್ಟ್ ಹ್ಯಾಮ್ ಎಲ್ಲೇ ಇರಲಿ, ಶನಿವಾರ ರಾತ್ರಿ ಸ್ನೇಹಿತರನ್ನು ಊಟಕ್ಕೆ ಕರೆದು ಒಂದು ಬಾಟಲಿ ವೈನ್ ಇಡೋಣ ಎಂದುಕೊಂಡ ಕೂಡಲೇ ಅಡುಗೆ ಬದಲಾಗಿಬಿಡುತ್ತದೆ. ಗಸಿಯ ಯೋಚನೆ ಬಿಟ್ಟುಹೋಗಿ ಪಾಸ್ತಾ ಬರುತ್ತದೆ. ಬಿಸಿಬೇಳೆಬಾತ್ ಮಾಡುವುದೇ ಖಾತ್ರಿಯಾದರೆ ಬಾಟಲಿ ಬೀರುವಿನಿಂದ ಹೊರಗೆ ಬರುವುದಿಲ್ಲ. ಎರಡೂ ಒಂದೇ ಮೇಜಿನ ಮೇಲೆ ಕೂರಬಾರದು ಎಂದು ಯಾರೋ ಕಟ್ಟಳೆ ಮಾಡಿದ ಹಾಗೆ.

ಇದು ನನಗೆ ನಿಜವಾಗಿಯೂ ಬೇಸರ ತರುವ ಸಂಗತಿ. ಬೆಳಗಿನಿಂದ ಮಸಾಲೆ ಹುರಿದು, ಕಾಯಿ ರುಬ್ಬಿ ಅಡುಗೆ ಮಾಡಬಲ್ಲವರು ಒಂದು ಬಾಟಲಿಗೆ ಅಂಜಿ ತಮ್ಮ ಅಡುಗೆಯನ್ನೇ ಬಿಟ್ಟುಕೊಡಬಾರದು. ಊಟದಲ್ಲಿ ಅಡುಗೆಯೇ ಹಾಡುಗಾರಿಕೆ, ವೈನ್ ಪಕ್ಕವಾದ್ಯ. ಯಾರು ಯಾರನ್ನು ಅನುಸರಿಸಬೇಕು ಎಂಬುದು ಇಷ್ಟರಲ್ಲೇ ತೀರ್ಮಾನವಾಗುತ್ತದೆ. ಉಳಿದದ್ದು, ನಮ್ಮ ನಡುವೆ ಓಡಾಡುವ ಕೆಲವು ತಪ್ಪು ಕಲ್ಪನೆಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುವ ಕೆಲಸ.

ತಪ್ಪು ಕಲ್ಪನೆ: “ನಮ್ಮ ಅಡುಗೆಗೆ ವೈನ್ ಹೊಂದುವುದೇ ಇಲ್ಲ, ಬಿಯರೇ ಸರಿ.”

ವಾಸ್ತವ: ಈ ಮಾತು ಬ್ರಿಟನ್ನಿನ ಕರಿ ಹೌಸುಗಳಿಂದ ನಮ್ಮ ಮನೆಗೆ ಬಂದದ್ದು. ಖಾರದ ಕರಿಯ ಜೊತೆ ತಣ್ಣನೆಯ ಲಾಗರ್ ಬಿಯರ್ ಕುಡಿಯುವ ರೂಢಿ ಇಲ್ಲಿ ದಶಕಗಳಿಂದ ಇದೆ. ಆದರೆ ಬಿಯರಿನ ಗುಳ್ಳೆಗಳು ಖಾರವನ್ನು ತಣಿಸುವುದಿಲ್ಲ, ಉರಿಯುವ ನಾಲಿಗೆಯನ್ನು ಇನ್ನಷ್ಟು ಚುಚ್ಚುತ್ತವೆ. ಹಾಯೆನಿಸುವುದು ಅದರ ತಂಪಿನಿಂದ. ಆ ತಂಪನ್ನು ಫ್ರಿಜ್‌ನಲ್ಲಿಟ್ಟ ಬಿಳಿ ವೈನೂ ಕೊಡುತ್ತದೆ.

ಹಾಗಾದರೆ ಜಗಳ ಎಲ್ಲಿದೆ? ವೈನಿನಲ್ಲಿರುವ ಎರಡು ಗುಣಗಳಿಗೂ ಮೆಣಸಿನಕಾಯಿಗೂ ಆಗಿಬರುವುದಿಲ್ಲ. ಒಂದು, ಹೆಚ್ಚು ಮದ್ಯಸಾರ. ಇನ್ನೊಂದು, ಹೆಚ್ಚು ಒಗರು. ನಮ್ಮ ನಾಲಿಗೆಯಲ್ಲಿ ಬಿಸಿಯನ್ನು ಗುರುತಿಸುವ ಟಿಆರ್‌ಪಿವಿ1 ಎಂಬ ಗ್ರಾಹಕವಿದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಹೋಗಿ ತಟ್ಟುವುದೂ ಅದನ್ನೇ. ಸಾಮಾನ್ಯವಾಗಿ ಸುಮಾರು 42 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಎಚ್ಚರಗೊಳ್ಳುವ ಈ ಗ್ರಾಹಕ, ಮದ್ಯಸಾರ ತಾಗಿದಾಗ ಸುಮಾರು 34 ಡಿಗ್ರಿಗೇ ಎಚ್ಚರಗೊಳ್ಳುತ್ತದೆ ಎಂದು 2002ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಬಾಯಿಯ ಸಹಜ ಬಿಸಿಯೇ ಆಗ ಉರಿಯಾಗಿ ತೋರುತ್ತದೆ. ಮದ್ಯಸಾರ ಹೆಚ್ಚಿದಷ್ಟೂ ಖಾರ ಹೆಚ್ಚು. ಒಗರಿನ ಕತೆ ಬೇರೆ. ಚಹಾದಲ್ಲಿ, ಅಡಿಕೆಯಲ್ಲಿ ಇರುವಂಥ ಟ್ಯಾನಿನ್ ಕೆಂಪು ವೈನಿನಲ್ಲೂ ಇದೆ. ಅದು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯನ್ನು ಒಣಗಿಸುತ್ತದೆ. ಖಾರದಿಂದ ಕೆರಳಿದ ಬಾಯಿಗೆ ಈ ಒರಟುತನ ಬೇಡವಾದದ್ದು. ಶೇಕಡಾ 14.5 ಮದ್ಯಸಾರದ ಗಡುಸು ಕಾಬರ್ನೆ ಸೋವಿನ್ಯೋವನ್ನು ಕೋಳಿ ಸುಕ್ಕದ ಪಕ್ಕ ಇಟ್ಟವರಿಗೆ ಎರಡೂ ಒಟ್ಟಿಗೆ ಕೆಡುತ್ತವೆ. ಅವರು ಮರುದಿನ ದೂರುವುದು ಮಾತ್ರ ಸುಕ್ಕವನ್ನು.

ಇನ್ನು ಹುಳಿ. ದ್ರಾಕ್ಷಿಯ ಮುಖ್ಯ ಹುಳಿ ಟಾರ್ಟಾರಿಕ್ ಆಮ್ಲ. ಹುಣಸೆಹಣ್ಣಿನ ಮುಖ್ಯ ಹುಳಿಯೂ ಅದೇ ಟಾರ್ಟಾರಿಕ್ ಆಮ್ಲ. ಹುಳಿ, ಗೊಜ್ಜು, ಸಾರು ಇಲ್ಲದೆ ಊಟವಿಲ್ಲದ ನಮಗೂ ವೈನಿಗೂ ಇಷ್ಟು ಹತ್ತಿರದ ನಂಟಿದೆ ಎಂದು ತಿಳಿದಾಗ ನನಗೆ ಆದ ಸಂತೋಷವನ್ನು ಮುಚ್ಚಿಡಲಾರೆ. ಇದರಿಂದ ಒಂದು ಸೂತ್ರವೂ ಹುಟ್ಟುತ್ತದೆ: ವೈನಿನ ಹುಳಿ ಅಡುಗೆಯ ಹುಳಿಗಿಂತ ಕಡಿಮೆ ಇರಬಾರದು. ಕಡಿಮೆಯಾದರೆ ವೈನ್ ಸಪ್ಪೆಯಾಗಿ, ನೀರಾಗಿ ಕಾಣುತ್ತದೆ.

ನಮ್ಮ ಅಡುಗೆಯಲ್ಲೇ ವೈನಿಗೆ ಸಹಾಯ ಮಾಡುವ ವಸ್ತುಗಳೂ ಇವೆ. ತೆಂಗಿನಕಾಯಿಯ ಜಿಡ್ಡು ಮತ್ತು ಸಿಹಿ ಖಾರವನ್ನು ಹಿಡಿತದಲ್ಲಿಡುತ್ತವೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಕೊಡುವುದು ಬಣ್ಣ ಹೆಚ್ಚು, ಖಾರ ಕಡಿಮೆ. ವೈನ್ ಇಡುವ ದಿನ ಗುಂಟೂರು ಮೆಣಸಿನಕಾಯಿಯನ್ನು ಡಬ್ಬಿಯಲ್ಲೇ ಬಿಟ್ಟು ಬ್ಯಾಡಗಿಯೊಂದರಲ್ಲೇ ಗಸಿ ಮಾಡಿ. ರುಚಿಗೆ ಯಾವ ಕೊರತೆಯೂ ಆಗುವುದಿಲ್ಲ.

ಅಂಗಡಿಯಲ್ಲಿ ಹುಡುಕಬೇಕಾದದ್ದು ಹೀಗೆ: ಮದ್ಯಸಾರ ಶೇಕಡಾ 12.5ರೊಳಗೆ, ಹುಳಿ ಚೆನ್ನಾಗಿರಬೇಕು, ಒಗರು ಕಡಿಮೆ, ತುಸು ಸಿಹಿ ಇದ್ದರೆ ಇನ್ನೂ ಒಳ್ಳೆಯದು. ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್, ಅದರಲ್ಲೂ ಲೇಬಲ್ಲಿನಲ್ಲಿ ‘ಕಾಬಿನೆಟ್’ ಎಂದಿರುವುದು ನನ್ನ ಮೊದಲ ಆಯ್ಕೆ. ಹುಣಸೆ, ತುಪ್ಪ, ಚಕ್ಕೆ, ಮರಾಠಿ ಮೊಗ್ಗು ಎಲ್ಲ ಸೇರಿದ ಬಿಸಿಬೇಳೆಬಾತ್‌ಗೆ ಅದಕ್ಕಿಂತ ಒಳ್ಳೆಯ ಜೊತೆ ನನಗೆ ಕಂಡಿಲ್ಲ. ಫ್ರಾನ್ಸಿನ ವೂವ್ರೆಯ ತುಸು ಸಿಹಿಯ ಶೆನಿನ್, ಪೋರ್ಚುಗಲ್ಲಿನ ವಿನ್ಯೋ ವೆರ್ಡೆ ಕೂಡ ಆಗುತ್ತವೆ. ಎಣ್ಣೆಗಾಯಿ, ಜೋಳದ ರೊಟ್ಟಿ ಮಾಡಿದ ದಿನ ಸಿಹಿಯಿಲ್ಲದ ರೋಸೆ ತೆಗೆಯಿರಿ. ಶೇಂಗಾ, ಎಳ್ಳಿನ ಜಿಡ್ಡಿಗೆ ಅದರ ಚುರುಕು ಹಿತವಾಗಿರುತ್ತದೆ.

ಹೊಂದದೇ ಇರುವವೂ ಇವೆ, ಅದನ್ನೂ ಹೇಳಿಬಿಡಬೇಕು. ಉಪ್ಪಿನಕಾಯಿಯ ಮುಂದೆ ಯಾವ ವೈನೂ ನಿಲ್ಲುವುದಿಲ್ಲ. ಕುದಿಕುದಿ ಬಿಸಿಯಾದ ತಿಳಿಸಾರಿಗೆ ವೈನ್ ಬೇಡ. ಮೊಸರನ್ನ ತಟ್ಟೆಗೆ ಬರುವ ಹೊತ್ತಿಗೆ ಗ್ಲಾಸು ಪಕ್ಕಕ್ಕೆ ಸರಿಯಬೇಕು.

ತಪ್ಪು ಕಲ್ಪನೆ: “ಮಾಂಸಕ್ಕೆ ಕೆಂಪು, ಮೀನಿಗೆ ಬಿಳಿ. ಅಷ್ಟು ಗೊತ್ತಿದ್ದರೆ ಸಾಕು.”

ವಾಸ್ತವ: ಬೆಣ್ಣೆ ಹಚ್ಚಿ ಸುಟ್ಟ ಮೀನಿಗೆ, ಬರೀ ಉಪ್ಪು-ಮೆಣಸು ಹಾಕಿ ಬೇಯಿಸಿದ ಮಾಂಸಕ್ಕೆ ಈ ನಿಯಮ ಒಂದು ಮಟ್ಟಿಗೆ ಸರಿ. ನಮ್ಮಲ್ಲಿ ತುಂಡಿಗಿಂತ ಮಸಾಲೆಯೇ ದೊಡ್ಡದು. ಬಂಗುಡೆ ಗಸಿಯಲ್ಲೂ ಕೋರಿ ಗಸಿಯಲ್ಲೂ ಹುರಿದ ಕೊತ್ತಂಬರಿ, ಮೆಣಸಿನಕಾಯಿ, ಕಾಯಿ, ಹುಣಸೆ ಇರುತ್ತವೆ. ಎರಡಕ್ಕೂ ಒಂದೇ ವೈನ್ ಸಾಕು. ಆಯ್ಕೆ ಗಸಿಯನ್ನು ನೋಡಿ ಆಗಬೇಕು.

ಮೀನಿಗೆ ಕೆಂಪು ವೈನ್ ಬೇಡ ಎನ್ನುವುದಕ್ಕೆ ಒಂದು ನಿಜವಾದ ಕಾರಣವಿದೆ. ಜಪಾನಿನ ಸಂಶೋಧಕರು 2009ರಲ್ಲಿ ಅದನ್ನು ಹೊರಗೆಡವಿದರು. ಕೆಲವು ವೈನುಗಳಲ್ಲಿ ಕಬ್ಬಿಣದ ಅಂಶ ಹೆಚ್ಚಿರುತ್ತದೆ, ಅದು ಮೀನಿನ ಕೊಬ್ಬಿನ ಜೊತೆ ಸೇರಿ ಬಾಯಲ್ಲಿ ಹಸಿ ಮೀನಿನ ವಾಸನೆ ಉಳಿಸುತ್ತದೆ. ಕಬ್ಬಿಣ ಕಡಿಮೆಯಿದ್ದರೆ ಕೆಂಪು ವೈನಿನಲ್ಲೂ ಈ ತೊಂದರೆ ಇಲ್ಲ. ಲೇಬಲ್ಲಿನಲ್ಲಿ ಕಬ್ಬಿಣದ ಪ್ರಮಾಣ ಬರೆದಿರುವುದಿಲ್ಲ. ಹಾಗಾಗಿ ಬಂಗುಡೆಯಂಥ ಜಿಡ್ಡಿನ ಮೀನಿಗೆ ಬಿಳಿಯೇ ಕ್ಷೇಮ.

ಪಂದಿ ಕರಿಯ ವಿಷಯಕ್ಕೆ ಬಂದರೆ ಮಾತು ಇನ್ನೂ ಸ್ವಾರಸ್ಯ. ಕೊಡಗಿನ ಈ ಅಡುಗೆಯ ಜೀವ ಕಾಳುಮೆಣಸು ಮತ್ತು ಕಾಚಂಪುಳಿ. ಕಾಳುಮೆಣಸಿಗೆ ಅದರ ಘಮ ಕೊಡುವ ವಸ್ತುವಿನ ಹೆಸರು ರೊಟಂಡೋನ್. ಸಿರಾ ದ್ರಾಕ್ಷಿಯ ವೈನಿಗೆ ಮೆಣಸಿನ ವಾಸನೆ ಎಲ್ಲಿಂದ ಬರುತ್ತದೆ ಎಂದು ಆಸ್ಟ್ರೇಲಿಯದ ವಿಜ್ಞಾನಿಗಳು ಹುಡುಕಿ, ಅದೂ ರೊಟಂಡೋನ್ ಎಂದು 2008ರಲ್ಲಿ ಪ್ರಕಟಿಸಿದರು. ಫ್ರಾನ್ಸಿನ ರೋನ್ ಕಣಿವೆಯ ಉತ್ತರ ಭಾಗದ, ಹದವಾದ ಮದ್ಯಸಾರದ ಸಿರಾ ಒಂದನ್ನು ಸ್ವಲ್ಪ ತಂಪು ಮಾಡಿ ಪಂದಿ ಕರಿ, ಕಡಂಬುಟ್ಟಿನ ಜೊತೆ ಇಟ್ಟು ನೋಡಿ. ಮಾಂಸದ ಜಿಡ್ಡು ವೈನಿನ ಒಗರನ್ನು ಮೆತ್ತಗಾಗಿಸುತ್ತದೆ. ಕಾಚಂಪುಳಿ ಲಂಡನ್ನಿನ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವ ವಸ್ತುವಲ್ಲ. ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ ಒಂದು ಸಣ್ಣ ಬಾಟಲಿ ತರಿಸಿಕೊಂಡರೆ ವರ್ಷಗಟ್ಟಲೆ ಬರುತ್ತದೆ.

ತಪ್ಪು ಕಲ್ಪನೆ: “ವೈನ್ ಅಂದರೆ ದ್ರಾಕ್ಷಿ ರಸವಲ್ಲವೇ? ಸಸ್ಯಾಹಾರಿಗಳಿಗೆ ಚಿಂತೆಯಿಲ್ಲ.”

ವಾಸ್ತವ: ಚಿಂತೆ ಇದೆ. ನಮ್ಮ ಮನೆಗಳ ಮಟ್ಟಿಗೆ ಈ ತಪ್ಪು ತಿಳಿವಳಿಕೆಯೇ ಎಲ್ಲಕ್ಕಿಂತ ಗಂಭೀರವಾದದ್ದು.

ಹುದುಗಿದ ವೈನ್ ಮೊದಲಿಗೆ ಮಬ್ಬಾಗಿರುತ್ತದೆ. ಅದನ್ನು ಬೇಗ ತಿಳಿಗೊಳಿಸಲು ಏನನ್ನಾದರೂ ಬೆರೆಸಿ, ಕಲ್ಮಶ ಕೆಳಗಿಳಿದ ಮೇಲೆ ಬೇರ್ಪಡಿಸುತ್ತಾರೆ. ಹೀಗೆ ಬೆರೆಸುವ ವಸ್ತುಗಳಲ್ಲಿ ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಪ್ರಾಣಿಗಳ ಮೂಳೆ-ಚರ್ಮದಿಂದ ತೆಗೆದ ಜೆಲಟಿನ್, ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್ ಇವೆ. ಬೆಂಟೊನೈಟ್ ಎಂಬ ಜೇಡಿಮಣ್ಣಿನಿಂದಲೂ ಇದೇ ಕೆಲಸ ಆಗುತ್ತದೆ, ಈಗ ಬಹಳ ಕಡೆ ಅದನ್ನೇ ಬಳಸುತ್ತಾರೆ. ಏನನ್ನೂ ಹಾಕದೆ ತಾನಾಗಿ ತಿಳಿಯಾಗಲು ಬಿಡುವವರೂ ಇದ್ದಾರೆ.

ಬಾಟಲಿಯ ಮೇಲೆ ಎಲ್ಲವೂ ಬರೆದಿರುತ್ತದೆ ಎಂದು ನಂಬುವ ಹಾಗಿಲ್ಲ. ಹಾಲು, ಮೊಟ್ಟೆಯ ಅಂಶ ಉಳಿದಿದ್ದರೆ ಅಲರ್ಜಿಯ ಕಾರಣಕ್ಕೆ ಬ್ರಿಟನ್ನಿನಲ್ಲಿ ನಮೂದಿಸಲೇಬೇಕು. ವೈನ್ ಮತ್ತು ಬಿಯರ್ ತಿಳಿಗೊಳಿಸಲು ಬಳಸಿದ ಐಸಿಂಗ್ಲಾಸ್‌ಗೆ ಆ ಕಡ್ಡಾಯದಿಂದ ವಿನಾಯಿತಿ ಇದೆ. ಮೀನು ಮುಟ್ಟದವರು ಮೀನಿನ ಚೀಲದಲ್ಲಿ ತಿಳಿಯಾದದ್ದನ್ನು ಕುಡಿದಿದ್ದರೂ ಅವರಿಗೆ ತಿಳಿಯದೇ ಹೋಗಬಹುದು. ಹಿಂಬದಿಯ ಲೇಬಲ್ಲಿನಲ್ಲಿ ‘ವೀಗನ್’ ಅಥವಾ ‘ವೆಜಿಟೇರಿಯನ್’ ಎಂದು ಬರೆದಿರುವುದನ್ನೇ ಆರಿಸಿ. ದೊಡ್ಡ ಸೂಪರ್‌ಮಾರ್ಕೆಟ್‌ಗಳು ತಮ್ಮ ಸ್ವಂತ ಹೆಸರಿನ ವೈನುಗಳಿಗೆ ಇದನ್ನು ಸ್ಪಷ್ಟವಾಗಿ ಹಾಕುತ್ತವೆ. ಆ ಗುರುತಿಲ್ಲದ ಬಾಟಲಿಯನ್ನು ಸಸ್ಯಾಹಾರಿ ಅತಿಥಿಗೆ ಕೊಡುವ ಮೊದಲು ವಿಷಯ ಹೇಳಿಬಿಡಿ. ಕುಡಿಯುವುದು ಬಿಡುವುದು ಅವರ ಇಷ್ಟ.

ತಪ್ಪು ಕಲ್ಪನೆ: “ಅಡುಗೆಗೆ ಹಾಕಿದ ವೈನಿನ ಮದ್ಯವೆಲ್ಲ ಕುದಿಯುವಾಗ ಹಾರಿಹೋಗುತ್ತದೆ, ಮಕ್ಕಳಿಗೂ ಕೊಡಬಹುದು.”

ವಾಸ್ತವ: ಅಮೆರಿಕದ ಕೃಷಿ ಇಲಾಖೆ ಪ್ರಕಟಿಸಿರುವ ಕೋಷ್ಟಕದ ಪ್ರಕಾರ, ಕುದಿಯುವ ಅಡುಗೆಗೆ ವೈನ್ ಹಾಕಿ ಆಗಲೇ ಇಳಿಸಿದರೆ ಮದ್ಯದ ಶೇಕಡಾ 85 ಭಾಗ ಅದರಲ್ಲೇ ಉಳಿಯುತ್ತದೆ. 15 ನಿಮಿಷ ಕುದಿಸಿದರೆ ಶೇ 40, ಅರ್ಧ ಗಂಟೆಗೆ ಶೇ 35, ಒಂದು ಗಂಟೆಗೆ ಶೇ 25. ಎರಡೂವರೆ ಗಂಟೆ ಬೇಯಿಸಿದ ಮೇಲೂ ಶೇ 5 ಉಳಿದಿರುತ್ತದೆ. ಮದ್ಯ ಮುಟ್ಟದ ಹಿರಿಯರು, ಮಕ್ಕಳು, ಗರ್ಭಿಣಿಯರು ಊಟಕ್ಕೆ ಕೂರುವ ದಿನ ಪಾತ್ರೆಗೆ ವೈನ್ ಸುರಿಯಲೇಬೇಡಿ. ನಮ್ಮ ಅಡುಗೆಗೆ ಅದರ ಅಗತ್ಯವೂ ಇಲ್ಲ. ಹುಳಿ ಬೇಕಾದರೆ ಹುಣಸೆ, ಪುನರ್ಪುಳಿ, ಅಮಟೆಕಾಯಿ, ಮಾವಿನಕಾಯಿ ಇಷ್ಟೆಲ್ಲ ಇದೆ.

ತಪ್ಪು ಕಲ್ಪನೆ: “ಒಳ್ಳೆಯ ವೈನ್ ಅಂದರೆ ಹಳೆಯದು, ದುಬಾರಿಯದು, ಬಿರಡೆ ಇರುವುದು.”

ವಾಸ್ತವ: ಅಂಗಡಿಯಲ್ಲಿ ಸಿಗುವ ಬಹುಪಾಲು ವೈನನ್ನು ಒಂದೆರಡು ವರ್ಷಗಳಲ್ಲಿ ಕುಡಿದು ಮುಗಿಸಲೆಂದೇ ಮಾಡಿರುತ್ತಾರೆ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಹತ್ತು ವರ್ಷ ಇಟ್ಟರೆ ಅದು ಹಾಳಾಗುತ್ತದೆಯೇ ಹೊರತು ಮೇಲಾಗುವುದಿಲ್ಲ. ತಿರುಪು ಮುಚ್ಚಳವನ್ನು ಅಗ್ಗದ ಗುರುತು ಎಂದುಕೊಳ್ಳುವುದೂ ಹಳೆಯ ಮಾತು. ಕಾರ್ಕ್ ಬಿರಡೆಯಿಂದ ಕೆಲವೊಮ್ಮೆ ವೈನಿಗೆ ಒದ್ದೆ ರಟ್ಟಿನ ವಾಸನೆ ಹತ್ತುತ್ತದೆ. ಆ ಕಾಟ ತಪ್ಪಿಸಲು ಆಸ್ಟ್ರೇಲಿಯದ ಕ್ಲೇರ್ ಕಣಿವೆಯ ರೀಸ್ಲಿಂಗ್ ತಯಾರಕರು 2000ದಲ್ಲಿ ಒಟ್ಟಾಗಿ ತಿರುಪು ಮುಚ್ಚಳಕ್ಕೆ ಬದಲಾದರು, ನ್ಯೂಜಿಲೆಂಡಿನವರು ಮರುವರ್ಷವೇ ಹಿಂಬಾಲಿಸಿದರು.

ಬೆಲೆಯ ವಿಷಯದಲ್ಲಿ ಬ್ರಿಟನ್ನಿನ ತೆರಿಗೆಯ ಲೆಕ್ಕ ತಿಳಿದಿರಬೇಕು. 2023ರ ಆಗಸ್ಟ್ 1ರಿಂದ ಇಲ್ಲಿ ಮದ್ಯದ ಸುಂಕ ಅದರ ಮದ್ಯಸಾರದ ಪ್ರಮಾಣವನ್ನು ಅವಲಂಬಿಸಿದೆ. 2025ರ ಫೆಬ್ರವರಿಯಲ್ಲಿ ಜಾರಿಗೆ ಬಂದ ದರದಂತೆ ವೈನಿನಲ್ಲಿರುವ ಪ್ರತಿ ಲೀಟರ್ ಶುದ್ಧ ಮದ್ಯಸಾರಕ್ಕೆ 29.54 ಪೌಂಡ್ ಇತ್ತು. ಶೇ 12.5ರ ಒಂದು ಬಾಟಲಿಗೆ ಇದು 2.77 ಪೌಂಡ್ ಆಗುತ್ತಿತ್ತು. ಮೇಲೆ ಶೇ 20ರ ವ್ಯಾಟ್. ಆ ದರದಲ್ಲಿ 6 ಪೌಂಡಿನ ಬಾಟಲಿಯಲ್ಲಿ 1 ಪೌಂಡ್ ವ್ಯಾಟ್, 2.77 ಸುಂಕ ಕಳೆದರೆ ಉಳಿಯುತ್ತಿದ್ದುದು 2.23 ಪೌಂಡ್. ಗಾಜು, ಮುಚ್ಚಳ, ಹಡಗಿನ ಬಾಡಿಗೆ, ಅಂಗಡಿಯ ಲಾಭ ಎಲ್ಲವೂ ಅದರಲ್ಲೇ. ಒಳಗಿನ ವೈನಿಗೆ ಎಷ್ಟು ಉಳಿಯಿತು? 10 ಪೌಂಡಿನ ಬಾಟಲಿಯಲ್ಲಿ ತೆರಿಗೆ ಕಳೆದು ಉಳಿಯುತ್ತಿದ್ದುದು 5.56 ಪೌಂಡ್. ಕೈಯಿಂದ ನಾಲ್ಕು ಪೌಂಡ್ ಹೆಚ್ಚು ಕೊಟ್ಟರೆ ಉಳಿಕೆ ಎರಡೂವರೆ ಪಟ್ಟಾಗುತ್ತದೆ. ಆದ್ದರಿಂದ 5-6 ಪೌಂಡಿನ ಎರಡು ಬಾಟಲಿಗಿಂತ 10-12 ಪೌಂಡಿನ ಒಂದು ಬಾಟಲಿ ಜಾಣ ಖರೀದಿ. ಮನೆಯ ಊಟಕ್ಕೆ ಅದಕ್ಕೂ ಮೇಲೆ ಹೋಗಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ. ಮದ್ಯಸಾರ ಕಡಿಮೆಯಾದಷ್ಟೂ ಸುಂಕವೂ ಕಡಿಮೆ, ನಮ್ಮ ಖಾರಕ್ಕೂ ಅದೇ ಬೇಕಾದದ್ದು.

ತಪ್ಪು ಕಲ್ಪನೆ: “ಕೆಂಪು ವೈನನ್ನು ಕೋಣೆಯ ಬಿಸಿಯಲ್ಲಿ ಕುಡಿಯಬೇಕು.”

ವಾಸ್ತವ: ಈ ಮಾತು ಹುಟ್ಟಿದ್ದು ಯುರೋಪಿನ ಹಳೆಯ ಕಲ್ಲಿನ ಮನೆಗಳಲ್ಲಿ. ಅಲ್ಲಿಯ ಕೋಣೆಗಳು 15-18 ಡಿಗ್ರಿ ಇರುತ್ತಿದ್ದವು. ಹೀಟಿಂಗ್ ಹಾಕಿ, ಒಲೆ ಉರಿಸಿ, ಎಂಟು ಜನ ತುಂಬಿದ ಲಂಡನ್ ಫ್ಲ್ಯಾಟು ಸುಲಭವಾಗಿ 22 ಡಿಗ್ರಿ ದಾಟುತ್ತದೆ. ಆ ಬಿಸಿಯಲ್ಲಿ ಮೂಗಿಗೆ ಹೊಡೆಯುವುದು ಮದ್ಯಸಾರದ ಘಾಟು. ಕೆಂಪು ವೈನನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಫ್ರಿಜ್‌ಗೆ ಹಾಕಿ, ಬಿಳಿಯದನ್ನು ಕಾಲು ಗಂಟೆ ಮೊದಲು ಹೊರಗೆ ತೆಗೆಯಿರಿ.

ತಪ್ಪು ಕಲ್ಪನೆ: “ವೈನ್ ಅಂದರೆ ಫ್ರಾನ್ಸ್, ಇಟಲಿ. ಇಲ್ಲಿಯದೂ ಅಲ್ಲ, ನಮ್ಮೂರಿನದೂ ಅಲ್ಲ.”

ವಾಸ್ತವ: ಗ್ರೇಟರ್ ಲಂಡನ್ನಿನ ಒಳಗೇ, ಎನ್‌ಫೀಲ್ಡ್‌ನ ಫಾರ್ಟಿ ಹಾಲ್‌ನಲ್ಲಿ 10 ಎಕರೆಯ ಸಾವಯವ ದ್ರಾಕ್ಷಿ ತೋಟವಿದೆ. 2009ರಲ್ಲಿ ಶುರುವಾದದ್ದು, ಸ್ವಯಂಸೇವಕರು ದುಡಿದು ನಡೆಸುತ್ತಾರೆ. ಕೆಂಟ್ ಮತ್ತು ಸಸೆಕ್ಸ್‌ನ ಸುಣ್ಣದ ನೆಲ ಗುಳ್ಳೆ ವೈನಿಗೆ ಎಷ್ಟು ಹೇಳಿ ಮಾಡಿಸಿದ ಹಾಗಿದೆಯೆಂದರೆ, ಫ್ರಾನ್ಸಿನ ಶಾಂಪೇನ್ ಮನೆತನವಾದ ಟೈಟಿಂಜರ್ 2015ರಲ್ಲಿ ಕೆಂಟ್‌ನಲ್ಲಿ ಜಮೀನು ಖರೀದಿಸಿ 2017ರಲ್ಲಿ ಬಳ್ಳಿ ನೆಟ್ಟಿತು. ಸಕ್ಕರೆ ಸೇರಿಸಿ ವೈನಿನಲ್ಲಿ ಗುಳ್ಳೆ ಎಬ್ಬಿಸುವ ವಿಧಾನವನ್ನು ಕ್ರಿಸ್ಟೋಫರ್ ಮೆರೆಟ್ ಎಂಬ ವೈದ್ಯ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ವಿವರಿಸಿದ್ದು 1662ರಲ್ಲಿ. ಈ ಇಂಗ್ಲಿಷ್ ಗುಳ್ಳೆ ವೈನಿನ ಎದ್ದು ಕಾಣುವ ಹುಳಿ ಕರಿದ ತಿಂಡಿಯ ಎಣ್ಣೆಯನ್ನು ಚೆನ್ನಾಗಿ ಕತ್ತರಿಸುತ್ತದೆ. ಖಾರ ಹಾಕದ ಬಾಳೆಕಾಯಿ ಬಜ್ಜಿ, ಅಂಬೊಡೆ, ರವೆ ಹಚ್ಚಿ ಕರಿದ ಮೀನು, ಯಾವುದಕ್ಕಾದರೂ ಸರಿ.

ಊರಿನ ಕಡೆಗೂ ನೋಡಿ. ನಂದಿಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಬಳಿ ಕನ್ವಲ್ ಗ್ರೋವರ್ 1988ರಲ್ಲಿ ಕಟ್ಟಿದ ಸಂಸ್ಥೆ ಇಂದು ಭಾರತದ ಹೆಸರಾಂತ ವೈನ್ ತಯಾರಕರಲ್ಲಿ ಒಂದು. ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ದ್ರಾಕ್ಷಿ ವೈನ್ ಹಾಕುವುದು, ಕೊಡಗಿನ ಮನೆಗಳಲ್ಲಿ ಶುಂಠಿ, ನೆಲ್ಲಿಕಾಯಿಯಿಂದ ಹಿಡಿದು ವೀಳ್ಯದೆಲೆಯವರೆಗೆ ಎಲ್ಲದರಿಂದ ವೈನ್ ಮಾಡುವುದು ತಲೆಮಾರುಗಳ ರೂಢಿ. ಬ್ರಿಟನ್ನಿನಲ್ಲಿಯೂ ಮನೆಬಳಕೆಗೆ, ಮಾರದೆ, ವೈನ್ ಮಾಡಿಕೊಳ್ಳಲು ಸುಂಕವಿಲ್ಲ.

ತಪ್ಪು ಕಲ್ಪನೆ: “ವೈನ್ ಇಟ್ಟರೆ ಒಂದೊಂದೇ ಕೋರ್ಸ್ ಬಡಿಸಬೇಕು, ಒಂದೊಂದಕ್ಕೂ ಬೇರೆ ವೈನ್, ಬೇರೆ ಗ್ಲಾಸು.”

ವಾಸ್ತವ: ನಮ್ಮ ಊಟಕ್ಕೆ ತನ್ನದೇ ಕ್ರಮ ಇದೆ. ಕೋಸಂಬರಿ, ಪಲ್ಯ ಮೊದಲು, ಆಮೇಲೆ ಸಾರು, ಹುಳಿ, ನಡುವೆ ಸಿಹಿ, ಕೊನೆಗೆ ಮಜ್ಜಿಗೆ. ಆರು ಜನರ ಶನಿವಾರದ ಊಟ ಎಂದುಕೊಳ್ಳಿ. ಇಬ್ಬರು ಸಸ್ಯಾಹಾರಿಗಳು, ನಾಲ್ವರು ವೈನ್ ಕುಡಿಯುವವರು. ಬಾಳೆಕಾಯಿ ಬಜ್ಜಿ, ಹೆಸರುಬೇಳೆ ಕೋಸಂಬರಿ, ನೀರುದೋಸೆ, ಅಲಸಂದೆ ಗಸಿ, ಬಂಗುಡೆ ಗಸಿ, ತೊಂಡೆಕಾಯಿ ಪಲ್ಯ, ಮೊಸರನ್ನ, ಹಯಗ್ರೀವ. ಇದಕ್ಕೆ ಒಂದು ಗುಳ್ಳೆ ವೈನ್, ಒಂದು ರೀಸ್ಲಿಂಗ್ ಸಾಕು. 125 ಮಿಲಿಲೀಟರಿನ ಲೆಕ್ಕದಲ್ಲಿ ಒಂದು ಬಾಟಲಿಗೆ ಆರು ಗ್ಲಾಸು. ಉಳಿದರೆ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಡಿ, ರೀಸ್ಲಿಂಗ್ ಮೂರ್ನಾಲ್ಕು ದಿನ ಕೆಡುವುದಿಲ್ಲ. ಗ್ಲಾಸು ಮನೆಯಲ್ಲಿ ಇರುವುದೇ ಆಗಲಿ.

ಕಷ್ಟವಿರುವುದು ಸಮಯ ಹೊಂದಿಸುವುದರಲ್ಲಿ. ಅಡುಗೆ ಮಾಡಿದವರು ಒಲೆಯ ಮುಂದೆ, ಉಳಿದವರು ಮೇಜಿನ ಮುಂದೆ ಎಂಬ ಪಾಡು ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ, ಆ ಪಾಡು ಬಹುತೇಕ ಹೆಂಗಸರದ್ದೇ. ಅವರೂ ಕೂತು ಉಣ್ಣುವ ಹಾಗೆ ಯೋಜನೆ ಆಗಬೇಕು. ಟೂಟಿಂಗ್, ಸೌತಾಲ್ ಅಥವಾ ವೆಂಬ್ಲಿಯ ಈಲಿಂಗ್ ರೋಡಿನಿಂದ ತೊಂಡೆಕಾಯಿ, ಕರಿಬೇವು, ತುರಿದ ಕಾಯಿಯ ಫ್ರೋಜನ್ ಪ್ಯಾಕೆಟ್ ಶುಕ್ರವಾರವೇ ಬಂದಿರಲಿ. ಗಸಿಯ ಮಸಾಲೆ ಹುರಿದು, ರುಬ್ಬಿ, ಅಲಸಂದೆ ಗಸಿಯನ್ನು ಶುಕ್ರವಾರ ರಾತ್ರಿಯೇ ಮುಗಿಸಿ. ಮಸಾಲೆ ಒಳಗೆ ಇಳಿದು ಮರುದಿನ ರುಚಿ ಹೆಚ್ಚುತ್ತದೆ. ದೋಸೆಯ ಅಕ್ಕಿ ಅದೇ ರಾತ್ರಿ ನೆನೆಯಲಿ. ನೀರುದೋಸೆಗೆ ಹುದುಗು ಬೇಕಿಲ್ಲ, ಹಾಗಾಗಿ ಲಂಡನ್ನಿನ ಚಳಿಯಲ್ಲಿ ಹಿಟ್ಟು ಉಬ್ಬುತ್ತದೋ ಇಲ್ಲವೋ ಎಂದು ಕಾಯುವ ತಾಪತ್ರಯವೂ ಇಲ್ಲ. ಮೀನು ಶನಿವಾರ ಬೆಳಗಿನ ಜಾವ ಕ್ಯಾನರಿ ವಾರ್ಫ್ ಪಕ್ಕದ ಬಿಲಿಂಗ್ಸ್‌ಗೇಟ್ ಮಾರುಕಟ್ಟೆಯಲ್ಲಿ ಸಿಗುತ್ತದೆ. ಅಷ್ಟು ಬೇಗ ಏಳಲಾಗದವರಿಗೆ ಹತ್ತಿರದ ಮೀನಂಗಡಿ ಇದೆ. ಅತಿಥಿಗಳು ಬರುವ ಮೊದಲೇ ದೋಸೆಗಳನ್ನು ಹುಯ್ದು, ಒಂದರ ಮೇಲೊಂದು ಪೇರಿಸದೆ ಆರಿಸಿ, ಮಡಚಿಟ್ಟುಕೊಳ್ಳಿ. ಬಡಿಸುವಾಗ ಒದ್ದೆ ಬಟ್ಟೆ ಮುಚ್ಚಿ ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೆ ಮೆತ್ತಗೇ ಇರುತ್ತವೆ. ಒಗ್ಗರಣೆ, ಕರಿಯುವುದು ಎಲ್ಲ ಮುಗಿಸಿ ಕಿಟಕಿ ತೆರೆದಿಡಿ. ಮೆಣಸಿನಕಾಯಿಯ ಘಾಟಿಗೆ ಫ್ಲ್ಯಾಟಿನ ಸ್ಮೋಕ್ ಅಲಾರಂ ಕೂಗಿಕೊಳ್ಳುತ್ತದೆ. ಅದಲ್ಲದೆ ಇಂಗು, ಕಾದ ಎಣ್ಣೆಯ ವಾಸನೆ ತುಂಬಿದ ಕೋಣೆಯಲ್ಲಿ ಒಳ್ಳೆಯ ವೈನಿನ ಪರಿಮಳ ಮೂಗಿಗೆ ಮುಟ್ಟುವುದೇ ಇಲ್ಲ. ಮೊದಲಿಗೆ ಗುಳ್ಳೆ ವೈನ್ ಜೊತೆ ಬಜ್ಜಿ, ಕೋಸಂಬರಿ. ಮೀನಿನ ತುಂಡುಗಳು ಕುದಿಯುವ ಗಸಿಯಲ್ಲಿ ಬೇಯಲು ಬೇಕಾದ ಸಮಯ ಅಷ್ಟರಲ್ಲಿ ಸಿಕ್ಕೇ ಸಿಗುತ್ತದೆ.

ಸಿಹಿ ಬಂದಾಗ ಗುಳ್ಳೆ ವೈನ್ ಮತ್ತೆ ತೆಗೆಯಬೇಡಿ. ವೈನ್ ಸಿಹಿತಿಂಡಿಗಿಂತ ಹೆಚ್ಚು ಸಿಹಿ ಇರದಿದ್ದರೆ ಬರೀ ಹುಳಿಯಾಗಿ ಕಾಣುತ್ತದೆ. ಹಯಗ್ರೀವ, ಹೋಳಿಗೆಗೆ ಇಟಲಿಯ ಮೊಸ್ಕಾತೊ ದಾಸ್ತಿ ಆಗುತ್ತದೆ. ಸಿಹಿಯಾಗಿದ್ದು ಮದ್ಯಸಾರ ಶೇ 5ರ ಆಸುಪಾಸಿನಲ್ಲಿರುತ್ತದೆ. ಇಲ್ಲದಿದ್ದರೆ ತುಪ್ಪವೇ ಸಾಕು.

ತಪ್ಪು ಕಲ್ಪನೆ: “ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು, ಅತಿಥಿಯ ಗ್ಲಾಸು ಖಾಲಿ ಇರಬಾರದು.”

ವಾಸ್ತವ: ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅದರಲ್ಲಿ ವೈನಿಗೆ ರಿಯಾಯಿತಿ ಇಲ್ಲ. ಬ್ರಿಟನ್ನಿನ ಮುಖ್ಯ ವೈದ್ಯಾಧಿಕಾರಿಗಳು 2016ರಲ್ಲಿ ಕೊಟ್ಟ ಸಲಹೆಯಂತೆ ಗಂಡಸಾಗಲಿ ಹೆಂಗಸಾಗಲಿ ವಾರಕ್ಕೆ 14 ಯೂನಿಟ್ ದಾಟಬಾರದು, ಗರ್ಭಿಣಿಯರು ಕುಡಿಯಲೇಬಾರದು. ಶೇ 13ರ ಒಂದು ಬಾಟಲಿಯಲ್ಲಿ ಸುಮಾರು 10 ಯೂನಿಟ್ ಇರುತ್ತದೆ. ರುಚಿಗಾಗಿ, ಜೊತೆಗಾರಿಕೆಗಾಗಿ ಒಂದೆರಡು ಗ್ಲಾಸು ಕುಡಿಯುವುದು ಬೇರೆ, ಔಷಧಿಯೆಂದು ಕುಡಿಯುವುದು ಬೇರೆ.

“ಇನ್ನೊಂಚೂರು ಹಾಕಿಸ್ಕೊಳ್ಳಿ” ಎಂದು ಬಲವಂತ ಮಾಡಿ ಬಡಿಸುವುದು ನಮ್ಮ ಆತಿಥ್ಯದ ಚಂದ. ಅದು ಪಾಯಸಕ್ಕೆ ಮಾತ್ರ ಇರಲಿ, ವೈನಿಗೆ ಬೇಡ. ಬೇಡ ಎಂದವರನ್ನು ಯಾಕೆ ಎಂದು ಕೇಳಬೇಡಿ. ವ್ರತವೋ, ಔಷಧಿಯೋ, ಇಷ್ಟವಿಲ್ಲವೋ, ಅದು ಅವರ ವಿಷಯ. ಅವರಿಗೆ ನಲ್ಲಿ ನೀರು, ಉಳಿದವರಿಗೆ ಸಡಗರ ಎಂದಾಗಬಾರದು. ಪುನರ್ಪುಳಿ ಶರಬತ್ತು, ಶುಂಠಿ-ಏಲಕ್ಕಿಯ ಪಾನಕ, ಒಗ್ಗರಣೆ ಹಾಕಿದ ಮಜ್ಜಿಗೆ ಇವುಗಳನ್ನು ಅಷ್ಟೇ ಮುತುವರ್ಜಿಯಿಂದ ಮಾಡಿ, ಅದೇ ಚಂದದ ಗ್ಲಾಸಿನಲ್ಲಿ ಕೊಡಿ. ಮೀನು ಗಸಿಗೆ ಪುನರ್ಪುಳಿ ಯಾವ ವೈನಿಗೂ ಕಡಿಮೆಯಿಲ್ಲದ ಜೊತೆ. ಯಾರು ಏನು ಕುಡಿಯುತ್ತಾರೆ, ಏನು ತಿನ್ನುವುದಿಲ್ಲ ಎಂದು ಗುರುವಾರವೇ ಒಂದು ವಾಟ್ಸಾಪ್ ಮಾಡಿ ಕೇಳಿಬಿಡಿ. ಮನೆಗೆ ಹೇಗೆ ಹೋಗುತ್ತಾರೆ ಎಂದೂ ಕೇಳಿ. ಇಂಗ್ಲೆಂಡಿನಲ್ಲಿ ವಾಹನ ಓಡಿಸುವವರಿಗೆ 100 ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಂ ಮದ್ಯಸಾರ ಕಾನೂನಿನ ಮಿತಿ. ಎಷ್ಟು ಗ್ಲಾಸಿಗೆ ಯಾರ ರಕ್ತ ಆ ಮಿತಿ ದಾಟುತ್ತದೆ ಎಂದು ಊಟದ ಮೇಜಿನಲ್ಲಿ ಲೆಕ್ಕ ಹಾಕಲಾಗುವುದಿಲ್ಲ. ಕಾರಿನ ಕೀಲಿ ಯಾರ ಕೈಯಲ್ಲಿದೆಯೋ ಅವರಿಗೆ ಮೊದಲಿನಿಂದಲೇ ಪುನರ್ಪುಳಿ ಬಡಿಸಿ.